ತೊಡೆಯ ಮೇಲಿನ ಅಂಗೈ

ಪ್ಯಾಂಟಿನ ಎಡತೊಡೆಯ ಮೇಲೆ, ಮೊಣಕಾಲಿನಿಂದ ಒಂದು ಗೇಣು ಮೇಲಕ್ಕೆ, ಬಟ್ಟೆ ಸವೆದು ಹೊಳೆಯುತ್ತಿರುತ್ತದೆ. ಉಳಿದ ಪ್ಯಾಂಟು ಹೊಸದರ ಹಾಗೇ ಇದ್ದರೂ ಅಂಗೈಯಗಲದ ಆ ಜಾಗ ಮಾತ್ರ ನಾಲ್ಕು ತಿಂಗಳಿಗೆ ತೆಳ್ಳಗಾಗಿ ಐದನೆಯ ತಿಂಗಳಿಗೆ ಎಳೆ ಬಿಡುತ್ತದೆ. ಪುಣ್ಯಕ್ಕೆ ಅವರೇ ದರ್ಜಿ. ತನ್ನ ಪ್ಯಾಂಟು ಹೊಲಿದುಕೊಳ್ಳುವಾಗ ಆ ಜಾಗಕ್ಕೆ ಒಳಗಿನಿಂದ ಇನ್ನೊಂದು ಪದರ ಬಟ್ಟೆ ಕೊಟ್ಟು, ಸುತ್ತ ಸಣ್ಣ ಹೊಲಿಗೆ ಓಡಿಸಿ, ಹೊರಗಿನಿಂದ ಗೊತ್ತಾಗದ ಹಾಗೆ ಮಾಡುತ್ತಾರೆ. "ಇದು ನನ್ನದೇ ಡಿಸೈನ್. ಬೇರೆ ಯಾರೂ ಕೇಳ್ಲಿಕ್ಕಿಲ್ಲ" ಎಂದು ನಗುತ್ತಾರೆ.

ಉಜಿರೆಯ ಗಿರಾಕಿಗಳು ಅವರನ್ನು ಟೈಲರಣ್ಣ ಎನ್ನುತ್ತಾರೆ. ಹೆಸರು ಬರೆಯುವುದು ಬೇಡ ಮಾರಾಯ್ರೆ ಎಂದದ್ದರಿಂದ ನನಗೂ ಅವರು ಟೈಲರಣ್ಣನೇ. ವಯಸ್ಸು 56.

ಆಟಿ ತಿಂಗಳ ಬೆಳಿಗ್ಗೆ. ರಾತ್ರಿಯಿಡೀ ಹೊಯ್ದ ಮಳೆ ಈಗ ತುಸು ತಗ್ಗಿ, ಅಡಿಕೆ ಸೋಗೆಗಳಿಂದ ಮಾತ್ರ ನೀರು ಬಿಡಿಬಿಡಿಯಾಗಿ ತೊಟ್ಟಿಕ್ಕುತ್ತಿದೆ. ಅವರ ಮನೆ ರಸ್ತೆಗಿಂತ ಕೆಳಗೆ, ತೋಟದ ಅಂಚಿನಲ್ಲಿ. ಅಂಗಳದಿಂದ ಮೇಲೆ ಹತ್ತಲು ಮುರಕಲ್ಲಿನ ಹದಿನಾಲ್ಕು ಮೆಟ್ಟಿಲು. ಜೂನ್ ಕಳೆಯುವಷ್ಟರಲ್ಲಿ ಕಲ್ಲಿನ ಮೇಲೆ ಹಸಿರು ಪಾಚಿ ಕಟ್ಟಿ, ನಡೆದಾಡುವ ಕಾಲಿಗೂ ಭಯ ಹುಟ್ಟಿಸುವ ನುಣುಪು. ಹೆಂಡತಿ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಎರಚಿ ಕಡ್ಡಿಪೊರಕೆಯಲ್ಲಿ ತಿಕ್ಕುತ್ತಾರೆ. ಅಂಗಳಕ್ಕೆ ಉದ್ದಕ್ಕೂ ತೆಂಗಿನ ಮಡಲು ಹಾಸಿದ್ದಾರೆ. ಬನ್ನಿ, ನಾವೂ ಹಿಂದಿನಿಂದ ಹೋಗೋಣ. ಆದರೆ ಎರಡು ಮೆಟ್ಟಿಲು ಬಿಟ್ಟು. ತೀರಾ ಹತ್ತಿರ ಯಾರಾದರೂ ಬಂದರೆ ಅವರ ಲೆಕ್ಕ ತಪ್ಪುತ್ತದೆ.

ಲೆಕ್ಕ ಹೀಗೆ. ಬಲಗಾಲು ಮೇಲಿನ ಮೆಟ್ಟಿಲಿಗೆ. ಎಡ ಅಂಗೈ ಎಡತೊಡೆಯ ಮೇಲೆ, ಬೆರಳು ಅಗಲಿಸಿ. ಮೈ ಮುಂದಕ್ಕೆ ಬಾಗಿ ಅಂಗೈ ಒತ್ತಿದಾಗ ಮೊಣಕಾಲು ಹಿಂದಕ್ಕೆ ಸರಿದು ಬಾಗಿಲ ಅಗುಳಿಯ ಹಾಗೆ ಬಿಗಿಯುತ್ತದೆ. ಆ ಬಿಗಿ ಇರುವ ಒಂದು ಕ್ಷಣದಲ್ಲಿ ಮೈಭಾರ ದಾಟಬೇಕು. ತೊಡೆಯ ಮುಂಭಾಗದ ಸ್ನಾಯು ಮಾಡಬೇಕಾದ ಕೆಲಸವನ್ನು ಅಂಗೈ ಮಾಡುತ್ತಿದೆ, ನಲವತ್ತು ವರ್ಷಗಳಿಂದ. ಬಲಗೈಯಲ್ಲಿ ಬುತ್ತಿಯ ಚೀಲ. ಕೊಡೆ ಎಲ್ಲಿ ಎಂದು ಕೇಳಬೇಡಿ, ಒಂದು ಕೈ ಕಾಲಾಗಿ ಹೋದವನಿಗೆ ಕೊಡೆ ಹಿಡಿಯಲು ಮೂರನೆಯ ಕೈ ಬೇಕು. ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಮೈಗೆ ರೈನ್‌ಕೋಟು.

ಏಳನೆಯ ಮೆಟ್ಟಿಲಲ್ಲಿ ಅವರು ನಿಲ್ಲುತ್ತಾರೆ. ಸುಸ್ತಾಗಿ ನಿಂತದ್ದಲ್ಲ, ಸುಸ್ತಾಗುವ ಮೊದಲೇ ನಿಲ್ಲುವುದನ್ನು ಕಲಿತು ಎರಡು ವರ್ಷವಾಯಿತು ಅಷ್ಟೆ. ಅದಕ್ಕೂ ಮೊದಲು ಹದಿನಾಲ್ಕನ್ನೂ ಒಂದೇ ಉಸಿರಿಗೆ ಹತ್ತುತ್ತಿದ್ದರಂತೆ. ಆ ಕಥೆಗೆ ಆಮೇಲೆ ಬರೋಣ.

ಮೇಲೆ ರಸ್ತೆಬದಿ ಟಾರ್ಪಾಲಿನ ಅಡಿ ಸ್ಕೂಟರ್ ಕಾಯುತ್ತದೆ. ಹಿಂದಿನ ಚಕ್ರದ ಎರಡೂ ಬದಿ ಒಂದೊಂದು ಪುಟ್ಟ ಚಕ್ರ. ಕೂತ ಮೇಲೆ ಟೈಲರಣ್ಣ ಬೇರೆಯೇ ಮನುಷ್ಯ, ಬೆನ್ನು ನೆಟ್ಟಗಾಗುತ್ತದೆ, ಹಾರ್ನ್ ಜೋರಾಗಿ ಒತ್ತುತ್ತಾರೆ. ಸೈಡ್ ವೀಲಿನ ಸ್ಕೂಟರಿಗೆ ರಸ್ತೆಗುಂಡಿಯಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ ಎನ್ನುವುದೊಂದೇ ಅವರ ದೂರು. ಮುಂದಿನ ಚಕ್ರ ಉಳಿದರೆ ಬದಿಯದ್ದು ಬೀಳುತ್ತದೆ.

ಉಜಿರೆ ಪೇಟೆಗೆ ಒಂದು ರಸ್ತೆ ಚಾರ್ಮಾಡಿ ಘಾಟಿ ಇಳಿದು ಬರುತ್ತದೆ, ಒಂದು ಬೆಳ್ತಂಗಡಿ ಕಡೆಯಿಂದ, ಇನ್ನೊಂದು ಧರ್ಮಸ್ಥಳಕ್ಕೆ ಹೊರಳುತ್ತದೆ. ಎಂಟೂವರೆಗೆ ಎಸ್‌ಡಿಎಂ ಕಾಲೇಜಿನ ಮಕ್ಕಳು ಬಸ್ಸಿನಿಂದ ಗುಂಪಾಗಿ ಇಳಿದು, ಒದ್ದೆ ಕೊಡೆಗಳನ್ನು ಒಬ್ಬರ ಮೇಲೊಬ್ಬರು ಕೊಡವುತ್ತ ಹೋಗುತ್ತಾರೆ. 1966ರಲ್ಲಿ ಈ ಕಾಲೇಜು ಶುರುವಾದಾಗಿನಿಂದ ಪೇಟೆಯ ಗಡಿಯಾರ ಇವರೇ. ಹೋಟೆಲಿನಿಂದ ಗೋಳಿಬಜೆಯ ಎಣ್ಣೆ ಕಾದ ವಾಸನೆ, ಬಸ್ಸಿನ ಡೀಸೆಲ್ ಹೊಗೆ, ಒದ್ದೆ ಮಲ್ಲಿಗೆ. ಅಂಗಡಿಯ ಶಟರನ್ನು ಟೈಲರಣ್ಣ ಬಗ್ಗಿ ಎತ್ತುವುದಿಲ್ಲ. ಬಿದಿರಿನ ತುದಿಗೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿದ ದೋಟಿಯೊಂದು ಮೂಲೆಯಲ್ಲಿ ಇದೆ, ಹಲಸು ಕೊಯ್ಯುವುದರ ತಮ್ಮ. ಅದನ್ನು ಶಟರಿನ ಕಿವಿಗೆ ಸಿಕ್ಕಿಸಿ, ಗೋಡೆಗೆ ಒರಗಿ ನಿಂತು ಎತ್ತುತ್ತಾರೆ.

ಒಳಗೆ ಎಲ್ಲವೂ ಕೈಗೆಟಕುವ ದೂರದಲ್ಲಿ. ಕತ್ತರಿಸುವ ಮೇಜಿನ ಕಾಲುಗಳನ್ನು ನಾಲ್ಕು ಅಂಗುಲ ಗರಗಸ ಹಾಕಿಸಿ ತಗ್ಗಿಸಿದ್ದಾರೆ, ಎತ್ತರದ ಸ್ಟೂಲಿನಲ್ಲಿ ಕೂತೇ ಬಟ್ಟೆ ಕತ್ತರಿಸಲು. ಇಸ್ತ್ರಿಪೆಟ್ಟಿಗೆ ಬಲಕ್ಕೆ, ದಾರದ ಉಂಡೆಗಳು ಎಡಕ್ಕೆ ಮೊಳೆಗಳಲ್ಲಿ. ಗಿರಾಕಿಗಳ ಅಳತೆ ತೆಗೆಯುವಾಗ ಅವರು ಗಿರಾಕಿಯ ಸುತ್ತ ಸುತ್ತುವುದಿಲ್ಲ, ಗಿರಾಕಿಯನ್ನೇ ತಿರುಗಿಸುತ್ತಾರೆ. "ಹಾ, ಇನ್ನು ಗೋಡೆ ಕಡೆ." ಮೂವತ್ತು ವರ್ಷದ ಗಿರಾಕಿಗಳು ಹೇಳಿಸಿಕೊಳ್ಳದೆಯೇ ತಿರುಗುತ್ತಾರೆ.

ಹೊಲಿಗೆ ಮೆಷಿನು ಹಳೆಯದು. ಅಡಿಯ ಕಬ್ಬಿಣದ ಪೆಡಲನ್ನು ಬಲಗಾಲೊಂದರಿಂದಲೇ ತುಳಿಯುತ್ತಿದ್ದರು. ಈಗ ಪಕ್ಕದಲ್ಲಿ ಒಂದು ಪುಟ್ಟ ಮೋಟಾರು. ಅದನ್ನು ಹಾಕಿಸುವ ಮಾತನ್ನು ಎರಡು ವರ್ಷ ಮುಂದೂಡಿದ್ದರು. ಸೋತೆ ಎಂದು ಒಪ್ಪಿಕೊಂಡ ಹಾಗಾಗುತ್ತದೆ ಎನ್ನುವ ಹಟ. ಮಳೆಗೆ ಕರೆಂಟು ಹೋದಾಗ ಮೋಟಾರು ನಿಲ್ಲುತ್ತದೆ, ಆಗ ಮೇಜಿಗೆ ತಲೆಯಿಟ್ಟು ಕಣ್ಣು ಮುಚ್ಚುತ್ತಾರೆ. ಹಿಂದೆಯಾದರೆ ಪೆಡಲು ತುಳಿಯುತ್ತಿದ್ದರು.

ಕೂತು ಮಾಡುವ ಕೆಲಸಗಳಿಗೆ ಈ ಸೀಮೆಯಲ್ಲಿ ಒಂದು ಕಾಲಕ್ಕೆ ಬರ ಇರಲಿಲ್ಲ. ಬೀಡಿ ಕಟ್ಟುವುದು, ಅಡಿಕೆ ಸುಲಿಯುವುದು, ವಾಚು ರಿಪೇರಿ, ರೇಡಿಯೊ ರಿಪೇರಿ. ಎರಡು ಬ್ಯಾಂಕುಗಳೂ ಧರ್ಮಸ್ಥಳದ ಶಿಕ್ಷಣ ಟ್ರಸ್ಟೂ ಸೇರಿ 1982ರಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಶುರುಮಾಡಿದ್ದು ಇದೇ ಉಜಿರೆಯಲ್ಲಿ. ಅನ್ನ, ವಸತಿ ಕೊಟ್ಟು ಉಚಿತವಾಗಿ ಸ್ವ ಉದ್ಯೋಗ ಕಲಿಸುವ ಈ ಮಾದರಿ ಆಮೇಲೆ ದೇಶದ ಜಿಲ್ಲೆಜಿಲ್ಲೆಗೆ ಹೋಯಿತು. ಆಮೇಲೆ ಎಸ್‌ಟಿಡಿ ಬೂತುಗಳ ಕಾಲ ಬಂತು, ಅಂಗವಿಕಲರಿಗೆ ಆದ್ಯತೆಯ ಮೇಲೆ ಸಿಗುತ್ತಿದ್ದ ಗಾಜಿನ ಪೆಟ್ಟಿಗೆ. ಮೊಬೈಲು ಬಂದದ್ದೇ ಆ ಹಳದಿ ಬೋರ್ಡುಗಳೆಲ್ಲ ಜೆರಾಕ್ಸ್ ಅಂಗಡಿಗಳಾದವು. ಪೋಲಿಯೊ ಬಂದ ಒಂದು ಇಡೀ ತಲೆಮಾರು ಈ ಕುರ್ಚಿಗಳಲ್ಲಿ ಕೂತು ಸಂಸಾರ ನಡೆಸಿತು.

ಶಿವರಾತ್ರಿಯ ಹೊತ್ತಿಗೆ ಹಾಸನ, ಬೆಂಗಳೂರು ಕಡೆಯಿಂದ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನಡೆಯುವವರು ಈ ಅಂಗಡಿಯ ಎದುರಿಂದಲೇ ಹೋಗುತ್ತಾರೆ. ಕಾರ್ತಿಕದ ಲಕ್ಷದೀಪೋತ್ಸವಕ್ಕೆ ಉಜಿರೆಯ ಜನಾರ್ದನ ಸ್ವಾಮಿ ದೇವಸ್ಥಾನದಿಂದ ಹೊರಡುವ ಪಾದಯಾತ್ರೆಯೂ ಇದೆ. ಬೆನ್ನುಚೀಲದ ಪಟ್ಟಿ ಹರಿದವರು ಒಳಗೆ ಬಂದು ಕೂರುತ್ತಾರೆ, ಚಪ್ಪಲಿ ಬಿಚ್ಚಿ ಬೊಬ್ಬೆ ಬಂದ ಪಾದಗಳನ್ನು ನೋಡಿಕೊಳ್ಳುತ್ತಾರೆ. ಟೈಲರಣ್ಣ ಹೊಲಿಯುತ್ತ ಆ ಪಾದಗಳನ್ನು ನೋಡುತ್ತಾರೆ. ಪಟ್ಟಿ ಹೊಲಿದದ್ದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವರಿಗೆ ಒಂದೂವರೆ ವರ್ಷವಿರುವಾಗ ಮೂರು ದಿನ ಜ್ವರ. ಅಮ್ಮ ಸೊಂಟದಲ್ಲಿ ಹೊತ್ತುಕೊಂಡು ಹೋಗಿ ಸೂಜಿ ಹಾಕಿಸಿಕೊಂಡು ಬಂದರು. ಮಾರನೆಯ ಬೆಳಿಗ್ಗೆ ಮಗು ಎದ್ದು ನಿಲ್ಲಲಿಲ್ಲ, ಎಡಗಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಸಾಯುವವರೆಗೂ ಅಮ್ಮ ಹೇಳುತ್ತಿದ್ದದ್ದು ಒಂದೇ: ಆ ಸೂಜಿಯಿಂದಲೇ ಹೋಯಿತು, ನಾನೇ ಹಾಕಿಸಿದೆ. ದಕ್ಷಿಣ ಕನ್ನಡದ ಯಾವ ಹಳ್ಳಿಗೆ ಹೋದರೂ ಇದೇ ಮಾತು ಕೇಳುತ್ತದೆ. ಪೂರ್ತಿ ಸುಳ್ಳೂ ಅಲ್ಲ ಇದು. ಪೋಲಿಯೊ ವೈರಸ್ಸು ಮೈಯಲ್ಲಿ ಮೊದಲೇ ಇರುವಾಗ ಸ್ನಾಯುವಿಗೆ ಸೂಜಿ ಚುಚ್ಚಿದರೆ ಆ ಅಂಗಕ್ಕೆ ಲಕ್ವ ಹೊಡೆಯುವ ಸಂಭವ ಹೆಚ್ಚು ಎನ್ನುವುದನ್ನು ವೈದ್ಯರೇ ಗುರುತಿಸಿದ್ದಾರೆ. ಎಲ್ಲ ಜ್ವರಕ್ಕೂ ಸೂಜಿಯೇ ಮದ್ದು ಎಂದಿದ್ದ ಕಾಲ ಅದು. ಆದರೆ ವೈರಸ್ಸನ್ನು ತಂದದ್ದು ಸೂಜಿಯಲ್ಲ. ಕೊಳೆತ ನೀರು, ಮಲ ಸೋಕಿದ ಕೈ, ಮಳೆಗಾಲದ ತೋಡು ಇವುಗಳಿಂದ ಅದು ಬಾಯಿಗೆ ಹೋಗುತ್ತದೆ. ಸೋಂಕಿದ ಸುಮಾರು 200 ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಕೈಕಾಲು ಬೀಳುವುದು, ಉಳಿದವರಿಗೆ ಬಂದದ್ದೂ ಹೋದದ್ದೂ ಗೊತ್ತಾಗದು. ಆ ವರ್ಷ ಊರಿನ ಇನ್ನೂ ಎಷ್ಟು ಮಕ್ಕಳ ಹೊಟ್ಟೆಯಲ್ಲಿ ಅದೇ ವೈರಸ್ಸು ಇದ್ದು ಹೋಯಿತೋ. ಈಗ ಅವರ ಬಳಿ ಅಂಗಿ ಹೊಲಿಸಲು ಬರುವ ಸಮವಯಸ್ಕರಲ್ಲೇ ಕೆಲವರಿರಬಹುದು.

ಲಸಿಕೆ ಆಗಲೇ ಇತ್ತು. ಜೋನಾಸ್ ಸಾಲ್ಕ್ ಅವರ ಚುಚ್ಚುಮದ್ದು 1955ರಲ್ಲಿ, ಆಲ್ಬರ್ಟ್ ಸೇಬಿನ್ ಅವರ ಬಾಯಿಹನಿ 1960ರ ದಶಕದ ಮೊದಲ ವರ್ಷಗಳಲ್ಲಿ. ನಮ್ಮ ಸರಕಾರದ ಲಸಿಕೆ ಕಾರ್ಯಕ್ರಮಕ್ಕೆ ಆ ಹನಿ ಸೇರಿದ್ದು 1979ರಲ್ಲಿ. ಅಷ್ಟು ಹೊತ್ತಿಗೆ ಟೈಲರಣ್ಣ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದರು.

ಆ ಕ್ಯಾಲಿಪರನ್ನು ನಾನು ನೋಡಿದೆ. ಕಳೆದ ವರ್ಷ ಅಟ್ಟದಿಂದ ಇಳಿಸಿದರು, ಹಳೆಯ ಅಡಿಕೆ ಬುಟ್ಟಿಗಳ ಹಿಂದೆ ನೇತಾಡುತ್ತಿತ್ತು. ಎರಡು ಉಕ್ಕಿನ ಪಟ್ಟಿ, ತೊಡೆಗೊಂದು ಚರ್ಮದ ಬಳೆ, ಮೊಣಕಾಲಿಗೆ ಪೂಜೆಯ ತಟ್ಟೆಯಷ್ಟಗಲದ ಚರ್ಮದ ಬಿಲ್ಲೆ, ಕೆಳಗೆ ಹಿಮ್ಮಡಿಯಲ್ಲಿ ತೂತಿರುವ ಕಪ್ಪು ಬೂಟು. ಚರ್ಮಕ್ಕೆ ಬೂಸ್ಟು ಹಿಡಿದು ಬಿಳಿಯಾಗಿದೆ. ಮೊಣಕಾಲಿನ ಬಳಿ ಒಂದು ಉಕ್ಕಿನ ಉಂಗುರ. ನಿಂತಾಗ ಅದನ್ನು ಕೆಳಗೆ ಜಾರಿಸಿದರೆ ಕಾಲು ಕೋಲಿನಂತೆ ಸೆಟೆದು ನಿಲ್ಲುತ್ತದೆ, ಕೂರುವಾಗ ಎತ್ತಬೇಕು. ತರಗತಿಯಲ್ಲಿ ಎಲ್ಲರೂ ಎದ್ದು ನಿಂತು ನಮಸ್ತೆ ಹೇಳಿ ಕೂತ ಮೇಲೆ ಇವರ ಉಂಗುರ ಟಕ್ಕೆಂದು ಬೀಳುತ್ತಿತ್ತಂತೆ. ಹದಿನಾರು ತುಂಬಿದ ವರ್ಷ ಬಿಚ್ಚಿ ಎಸೆದರು. ಭಾರ, ಮಳೆಗೆ ತುಕ್ಕು, ಎಲ್ಲಕ್ಕಿಂತ ಹೆಚ್ಚಾಗಿ ನಾಚಿಕೆ. ಕೈಯೂರಿ ನಡೆಯಲು ಕಲಿತರು. ಅದನ್ನೇ ಎಲ್ಲರೂ ಹೊಗಳಿದರು: ನೋಡಿ, ಏನು ಛಲ!

ಛಲದ ಕಥೆಗಳು ನಮಗೆ ಇಷ್ಟ. ಕೋಟದಲ್ಲಿ 1958ರಲ್ಲಿ ಹುಟ್ಟಿ, ವರ್ಷ ತುಂಬುವ ಹೊತ್ತಿಗೆ ಪೋಲಿಯೊಗೆ ಸಿಕ್ಕಿ, ಗಾಲಿಕುರ್ಚಿಯಲ್ಲಿ ಕೂತೇ ದೇಶಕ್ಕೆ ಪದಕ ತಂದು, ಅರ್ಜುನ ಪ್ರಶಸ್ತಿಯನ್ನೂ 2001ರಲ್ಲಿ ಪದ್ಮಶ್ರೀಯನ್ನೂ ಪಡೆದ ಮಾಲತಿ ಹೊಳ್ಳರ ಚಿತ್ರವನ್ನು ಟೈಲರಣ್ಣನೂ ಪತ್ರಿಕೆಯಿಂದ ಕತ್ತರಿಸಿ ಕನ್ನಡಿಯ ಅಂಚಿಗೆ ಸಿಕ್ಕಿಸಿದ್ದಾರೆ. ಅಭಿಮಾನ ಇರಬೇಕಾದ್ದೇ. ಆದರೆ ನೆರೆಹೊರೆಯ ನಾವು ಆ ಚಿತ್ರವನ್ನು ತೋರಿಸಿ ಬೇರೆಯವರಿಗೆ ಇನ್ನೂ ಸ್ವಲ್ಪ ಪ್ರಯತ್ನ ಪಡು ಎನ್ನುತ್ತೇವಲ್ಲ, ಅದು ನನಗೆ ಈಗ ಸರಿಕಾಣುವುದಿಲ್ಲ. ಯಾಕೆಂದರೆ, ಈ ಪ್ರಯತ್ನಕ್ಕೇ ಒಂದು ಬಿಲ್ಲು ಬರುತ್ತದೆ. ಬರುವುದು ತಡವಾಗಿ.

ಟೈಲರಣ್ಣನಿಗೆ ಬಂದದ್ದು ಐವತ್ತು ದಾಟಿದ ಮೇಲೆ. ಮೊದಲು ಸಂಜೆ ಹೊತ್ತು ಮೈಯೆಲ್ಲ ಹಿಂಡಿದ ಹಾಗೆ ದಣಿವು, ನಿದ್ದೆ ಮಾಡಿದರೂ ಹೋಗದ್ದು. ಆಮೇಲೆ ಗಟ್ಟಿ ಎಂದುಕೊಂಡಿದ್ದ ಬಲಗಾಲು ನಡುಗತೊಡಗಿತು. ಎಡ ಮಣಿಕಟ್ಟು, ಭುಜ ನೋವು. ಮಳೆಗಾಲದಲ್ಲಿ ಎಡಪಾದ ನೀಲಿಗಟ್ಟಿ ತಣ್ಣಗೆ. ರಾತ್ರಿ ಎರಡು ಸಾಕ್ಸು, ಮೇಲೆ ಬಿಸಿನೀರಿನ ಚೀಲ. ತೋರಿಸಿದಲ್ಲೆಲ್ಲ ಹೇಳಿದ್ದು ವಯಸ್ಸಾಯಿತಲ್ಲ ಎಂದು, ವಾತ ಎಂದು, ಒಂದು ಕಡೆ ವ್ಯಾಯಾಮ ಸಾಲದು ಎಂದು. ಮಾತು ನಂಬಿ ದಿನಾ ಸಂಜೆ ದೇವಸ್ಥಾನದವರೆಗೆ ನಡೆದರು. ಮೂರು ತಿಂಗಳಲ್ಲಿ ಬಲಗಾಲೂ ಕೈಕೊಟ್ಟು ಅಂಗಡಿಯ ಹೊಸ್ತಿಲಲ್ಲೇ ಬಿದ್ದರು. ಕೊನೆಗೆ ಮಂಗಳೂರಿನಲ್ಲಿ ಹಿರಿಯ ವೈದ್ಯರೊಬ್ಬರು, ಪೋಲಿಯೊ ವಾರ್ಡು ಕಂಡ ಕಾಲದವರು, ಬೇರೆ ಕಾಯಿಲೆ ಯಾವುದೂ ಅಲ್ಲ ಎಂದು ಪರೀಕ್ಷೆ ಮಾಡಿಸಿ ಖಾತ್ರಿಮಾಡಿಕೊಂಡು ಹೆಸರು ಹೇಳಿದರು: ಪೋಸ್ಟ್ ಪೋಲಿಯೊ ಸಿಂಡ್ರೋಮ್.

ಅವರು ವಿವರಿಸಿದ್ದನ್ನು ಟೈಲರಣ್ಣ ತೋಟದ ಭಾಷೆಗೆ ತಂದುಕೊಂಡಿದ್ದಾರೆ. ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳು ಇವೆಯಲ್ಲ, ಒಂದೊಂದೂ ಒಂದೊಂದು ಪಂಪು. ಪೋಲಿಯೊ ಬಂದಾಗ ಕೆಲವು ಪಂಪು ಸುಟ್ಟುಹೋದವು. ಉಳಿದ ಪಂಪುಗಳು ಹೊಸ ಪೈಪು ಎಳೆದು ಪಕ್ಕದವರ ತೋಟಕ್ಕೂ ನೀರು ಬಿಟ್ಟವು. ಅದರಿಂದಲೇ ಮಗು ಆವತ್ತು ಸುಧಾರಿಸಿದ್ದು, ಬಲ ಬಂತು ಎಂದು ಮನೆಯವರು ಹರಕೆ ತೀರಿಸಿದ್ದು. ಒಂದು ಪಂಪು ಮೂರು ತೋಟಕ್ಕೆ ಐವತ್ತು ವರ್ಷ ಓಡಿದರೆ ವೈಂಡಿಂಗ್ ಬಿಸಿಯಾಗದೆ ಇರುತ್ತದಾ? "ಓಡಿಸಿದಷ್ಟು ಗಟ್ಟಿ ಆಗ್ತದೆ ಅಂತ ನಾನು ಇಷ್ಟು ವರ್ಷ ಇಡೀ ದಿನ ಓಡಿಸಿದೆ."

ಪೋಲಿಯೊ ಬಂದುಹೋದ ನೂರು ಮಂದಿಯಲ್ಲಿ 25ರಿಂದ 40 ಮಂದಿಗೆ ಈ ಎರಡನೆಯ ಸುತ್ತು ಬರುತ್ತದೆ ಎಂದು ಅಂದಾಜು, ಸಾಮಾನ್ಯವಾಗಿ 15ರಿಂದ 40 ವರ್ಷ ಕಳೆದ ಮೇಲೆ. ಇದನ್ನು ವಾಸಿಮಾಡುವ ಮದ್ದಿಲ್ಲ. ಇರುವ ಉಪಾಯ ಪಂಪನ್ನು ಗಂಟೆ ಲೆಕ್ಕದಲ್ಲಿ ಓಡಿಸುವುದು: ದಣಿಯುವ ಮೊದಲೇ ಕೂರುವುದು, ತೂಕ ಏರದಂತೆ ನೋಡುವುದು, ಬೀಳದೆ ಇರುವುದು, ಮೈ ಬೆಚ್ಚಗಿಡುವುದು. ಅದಕ್ಕೇ ಏಳನೆಯ ಮೆಟ್ಟಿಲಿನ ನಿಲುಗಡೆ, ಮೋಟಾರು, ಮಧ್ಯಾಹ್ನ ಮುಕ್ಕಾಲು ಗಂಟೆಯ ನಿದ್ದೆ. ಹೊಸ ಕ್ಯಾಲಿಪರೂ ಬಂದಿದೆ. ಪ್ಲಾಸ್ಟಿಕ್ಕಿನದ್ದು, ಹಗುರ, ಪ್ಯಾಂಟಿನೊಳಗೆ ಕಾಣದು. ಹದಿನಾರಕ್ಕೆ ಎಸೆದದ್ದನ್ನು ಐವತ್ತಾರಕ್ಕೆ ಕಟ್ಟಿಕೊಳ್ಳುವುದು ಸುಲಭವಲ್ಲ. ವಾರದಲ್ಲಿ ಮೂರು ದಿನ ಹಾಕುತ್ತಾರೆ. ಇವತ್ತು ಹಾಕಿಲ್ಲ.

ಪೇಟೆಯಿಂದ ಮುಂಡಾಜೆ ಕಡೆಗೆ ಹೋಗುವ ದಾರಿಯಲ್ಲಿ ಇನ್ನೊಬ್ಬರಿದ್ದಾರೆ. ಅರವತ್ತು ದಾಟಿದ ಅಕ್ಕ. ಎರಡೂ ಕಾಲಿಲ್ಲದ ಲೆಕ್ಕ, ತೆವಳಿಯೇ ಬದುಕಿದವರು. ಅಂಗಳ ದಾಟುವಾಗ ಹವಾಯಿ ಚಪ್ಪಲಿ ಹಾಕುವುದು ಕೈಗೆ. ಜಗಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಮಡಿಲಲ್ಲಿ ತಡ್ಪೆ ಇಟ್ಟು ಬೀಡಿ ಕಟ್ಟುತ್ತಾರೆ. ಎಲೆ ಕತ್ತರಿಸುವ ಸದ್ದು, ಹೊಗೆಸೊಪ್ಪಿನ ಖಾರ ವಾಸನೆ, ಬೆರಳು ಸುತ್ತಿ ನೂಲು ಬಿಗಿಯುವ ವೇಗ. ಮಾತಾಡುತ್ತಲೇ ಇರುತ್ತಾರೆ, ಕೈ ಮಾತ್ರ ಕೇಳಿಸಿಕೊಳ್ಳದ ಹಾಗೆ ತನ್ನಷ್ಟಕ್ಕೆ ಓಡುತ್ತದೆ.

ಅವರು ಹೇಳಿದ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಹಳೆಯ ಮಣ್ಣಿನ ಮನೆಯಲ್ಲಿ ಒಲೆ ನೆಲದಲ್ಲಿ, ಕಡೆಯುವ ಕಲ್ಲು ನೆಲದಲ್ಲಿ, ತರಕಾರಿ ಕೊಚ್ಚಲು ಮೆಟ್ಟುಕತ್ತಿ, ಊಟಕ್ಕೆ ಮಣೆ. ಮನೆಯವರೆಲ್ಲ ಕೆಲಸಕ್ಕೆ ನೆಲಕ್ಕೇ ಇಳಿಯುತ್ತಿದ್ದರು, ಇವರು ನೆಲದಲ್ಲೇ ಇದ್ದರು, ಅಷ್ಟೇ ವ್ಯತ್ಯಾಸ. ಹದಿನೈದು ಜನರ ಅಡುಗೆ ಒಬ್ಬರೇ ಮಾಡಿದ್ದಾರೆ. ಆಮೇಲೆ ತಮ್ಮ ಆರ್‌ಸಿಸಿ ಮನೆ ಕಟ್ಟಿಸಿದ, ಗ್ಯಾಸು ಗ್ರಾನೈಟಿನ ಕಟ್ಟೆಯ ಮೇಲೆ ಹೋಯಿತು, ಮಿಕ್ಸಿ, ನಲ್ಲಿ, ಸಿಂಕು ಎಲ್ಲ ಎತ್ತರಕ್ಕೆ ಹೋದವು. "ನನಗೆ ಕಾಲು ಹೋದದ್ದು ಆಗ" ಎಂದರು, ಬೀಡಿಯ ತುದಿ ಮಡಚುತ್ತ. ಪೋಲಿಯೊ ಬಂದದ್ದು ಎರಡನೆಯ ವಯಸ್ಸಿಗೆ, ಅಡುಗೆಮನೆ ಕೈತಪ್ಪಿದ್ದು ನಲವತ್ತೆಂಟಕ್ಕೆ. ಆಮೇಲೆ ತಮ್ಮನ ಮಗಳು ಜಗಳ ಮಾಡಿ ಒಂದು ಸಿಂಗಲ್ ಬರ್ನರ್ ಒಲೆಯನ್ನು ನೆಲಕ್ಕೆ ಇಳಿಸಿ ಕೊಟ್ಟಳು. ನಾನು ಹೋದ ದಿನ ಅದರ ಮೇಲೆ ಪತ್ರೊಡೆ ಬೇಯುತ್ತಿತ್ತು. ತೆವಳುವವರ ಭುಜಕ್ಕೂ ಬಿಲ್ಲು ಬರುತ್ತದೆ. ಬಲಗೈ ಈಗ ಕಿವಿಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ತಲೆ ಬಾಚುವ ಬಾಚಣಿಗೆಗೆ ಟೈಲರಣ್ಣ ಒಂದು ಮೊಳದ ಬಿದಿರಿನ ಹಿಡಿ ಕಟ್ಟಿಕೊಟ್ಟಿದ್ದಾರೆ. ಶಟರಿನ ದೋಟಿಯದ್ದೇ ತುಂಡು.

ಅಂಗವೈಕಲ್ಯ ಈ ತಾಲೂಕಿಗೆ ಹೊಸತಲ್ಲ. ಕೊಕ್ಕಡ, ಪಟ್ರಮೆ, ನಿಡ್ಲೆಯ ಎಂಡೋಸಲ್ಫಾನ್ ಮಕ್ಕಳ ಬಗ್ಗೆ ರಾಜ್ಯವೆಲ್ಲ ಓದಿದೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಕೊಕ್ಕಡದ ಸೌತಡ್ಕದಲ್ಲಿ ಸೇವಾಧಾಮ ಇದೆ. ಪೋಲಿಯೊದವರ ಹೆಸರು ಮಾತ್ರ ಹಿಂದಕ್ಕೆ ಸರಿದುಬಿಟ್ಟಿದೆ, ಆ ಕಥೆ ಮುಗಿಯಿತು ಎಂದು ಎಲ್ಲರಿಗೂ ಅನ್ನಿಸಿರುವುದರಿಂದ. ಮುಗಿದದ್ದು ನಿಜವೇ. 1995ರಿಂದ ಪಲ್ಸ್ ಪೋಲಿಯೊ ಭಾನುವಾರಗಳು, ಕಿರುಬೆರಳಿಗೆ ಶಾಯಿ. ದೇಶದಲ್ಲಿ ನೈಸರ್ಗಿಕ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿ 13ರಂದು ಹೌರಾದಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ. ಆ ಪ್ರಮಾಣಪತ್ರದ ಸಂತೋಷಕ್ಕೆ ಟೈಲರಣ್ಣ ಅಂಗಡಿಗೆ ಬಂದವರಿಗೆಲ್ಲ ಚಹಾ ಕುಡಿಸಿದ್ದರು. ಆದರೆ 15ರಿಂದ 40 ವರ್ಷದ ಲೆಕ್ಕ ಹಿಡಿದರೆ ಈ ಎರಡನೆಯ ಸುತ್ತಿನವರು 2050ರವರೆಗೂ ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ, ಪೋಲಿಯೊವನ್ನು ಪುಸ್ತಕದಲ್ಲಿ ಮಾತ್ರ ಓದಿದ ವೈದ್ಯರ ಎದುರಿಗೆ.

ಅವರ ಬಳಿ ಇರುವ ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಶೇಕಡಾವಾರಿನ ಕೆಳಗೆ ಒಂದು ಸಾಲು: ಸ್ಥಿತಿ ಮುಂದುವರಿಯುವಂಥದ್ದೋ ಅಲ್ಲವೋ. ಅಲ್ಲ ಎಂಬುದಕ್ಕೆ ಗುರುತು ಬಿದ್ದಿದೆ. ಅದನ್ನು ನನಗೆ ತೋರಿಸಿ ಕನ್ನಡಕದ ಮೇಲಿಂದ ನೋಡಿದರು, ಏನೂ ಹೇಳಲಿಲ್ಲ.

ಮದುವೆಮನೆಗಳಿಗೆ ಹೋಗುವುದನ್ನೂ ಅವರು ಕಡಿಮೆ ಮಾಡಿದ್ದಾರೆ. ನೆಲದ ಪಂಕ್ತಿಯಲ್ಲಿ ಕೂತರೆ ಏಳುವುದು ಕಷ್ಟ. ಬಫೆಯಾದರೆ ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈ ತೊಡೆಯ ಮೇಲೆ, ಇನ್ನು ಬಡಿಸಿಕೊಳ್ಳುವುದು ಯಾವುದರಲ್ಲಿ? ಟೇಬಲ್ ಊಟ ಎಂದು ಗೊತ್ತಾದರೆ ಮಾತ್ರ ಹೊಸ ಅಂಗಿ ಹಾಕಿಕೊಂಡು ಹೊರಡುತ್ತಾರೆ.

ಕ್ಯಾಲಿಪರಿನ ಅಳತೆಗೆಂದು ಮಂಗಳೂರಿಗೆ ಹೋದ ದಿನ ನಾನೂ ಜೊತೆಗಿದ್ದೆ. ಸರಕಾರಿ ಬಸ್ಸಿನಲ್ಲಿ ಅಂಗವಿಕಲರ ರಿಯಾಯಿತಿ ಪಾಸು ಮನೆಯಿಂದ 100 ಕಿಲೋಮೀಟರಿನವರೆಗೆ ನಡೆಯುತ್ತದೆ, ಅಷ್ಟರೊಳಗೆ ಮಂಗಳೂರು ಸಿಗುತ್ತದೆ. ಬಸ್ಸು ಬಂತು, ಧರ್ಮಸ್ಥಳದ ಭಕ್ತರಿಂದ ತುಂಬಿ. ಮೊದಲ ಮೆಟ್ಟಿಲು ಮೊಣಕಾಲಿನಷ್ಟು ಎತ್ತರ. ಟೈಲರಣ್ಣ ಬಲಗೈಯಲ್ಲಿ ಕಂಬಿ ಹಿಡಿದು, ಬಲಗಾಲು ಮೇಲಿಟ್ಟು, ಎಡ ಅಂಗೈಯನ್ನು ತೊಡೆಗೆ ಒಯ್ಯುತ್ತಿದ್ದರು. ಅದೇ ಕ್ಷಣಕ್ಕೆ ಮೇಲಿದ್ದ ಯುವಕನೊಬ್ಬ, ಒಳ್ಳೆಯವನೇ, "ಬನ್ನಿ ಅಂಕಲ್" ಎಂದು ಆ ಎಡಗೈಯನ್ನೇ ಹಿಡಿದು ಎಳೆದ. ಅಂಗೈ ತೊಡೆಯಿಂದ ಎದ್ದಿತು, ಮೊಣಕಾಲಿನ ಅಗುಳಿ ಕಳಚಿತು, ಇಡೀ ಮೈ ಬಸ್ಸಿನ ಮೆಟ್ಟಿಲ ಮೇಲೆ ಮಗುಚಿತು. ಮೊಣಕೈ ಸುಲಿದು ರಕ್ತ ಬಂತು. ಯುವಕ ಅಳುವ ಹಾಗಾದ. ಟೈಲರಣ್ಣನೇ ಅವನನ್ನು ಸಮಾಧಾನ ಮಾಡುತ್ತ ಬೆಳ್ತಂಗಡಿಯವರೆಗೆ ಹೋದರು.

ಹಾಗಾಗಿ ಒಂದು ಕೋರಿಕೆ. ಬಸ್ಸಿನಲ್ಲೋ ದೇವಸ್ಥಾನದ ಮೆಟ್ಟಿಲಲ್ಲೋ ಯಾರಾದರೂ ತೊಡೆಗೆ ಅಂಗೈಯೂರಿ ಹತ್ತುತ್ತಿರುವುದು ಕಂಡರೆ ಆ ಕೈಯನ್ನು ಹಿಡಿಯಬೇಡಿ. ಯಾವ ಕಡೆ ನಿಲ್ಲಲಿ ಎಂದು ಕೇಳಿ, ಅವರು ಹೇಳಿದ ಕಡೆ ನಿಲ್ಲಿ.